ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಸ್ಪೋರ್ಟ್ಸ್ ಕಾರಿನ ಸವೆದ ಪೆಡಲ್ ಬುಷ್‌ಗಳು

ಈ ಬಾರಿಯ ಅಂಕಣವನ್ನು ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಹಳೆಯ ಸ್ಪೋರ್ಟ್ಸ್ ಕಾರುಗಳ ಕ್ಲಚ್ ಮತ್ತು ಬ್ರೇಕ್ ಪೆಡಲ್‌ಗಳು ತಿರುಗುವ ಜಾಗದಲ್ಲಿರುವ ಬುಷ್‌ಗಳು (ಶಾಫ್ಟ್, ಅಂದರೆ ಪೆಡಲಿನ ಅಕ್ಷದ ದಂಡ, ಹಾದುಹೋಗುವ ಕೊಳವೆಯಂಥ ಸಣ್ಣ ಭಾಗಗಳು) ಸವೆದಾಗ ಏನಾಗುತ್ತದೆ, ಅವನ್ನು ಬದಲಿಸುವುದು ಹೇಗೆ ಎಂದು ಕೇಳಿ ಬಂದಿರುವ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಬಳಿ 1974ರ ಪೋರ್ಷೆ 911 ಇದೆ. ಕ್ಲಚ್ ಪೆಡಲ್ ಅಕ್ಕಪಕ್ಕಕ್ಕೆ ಓಲಾಡುತ್ತದೆ, ಒತ್ತಿದಾಗ ಕಿರುಗುಟ್ಟುತ್ತದೆ. ರಿವರ್ಸ್ ಗೇರ್ ಹಾಕುವಾಗ ಕರಕರ ಶಬ್ದ ಬರುತ್ತದೆ. ಕ್ಲಚ್ ಕೇಬಲನ್ನು ಬಿಗಿ ಮಾಡಿಸಿದರೆ ಸ್ವಲ್ಪ ದಿನ ಸರಿಯಾಗಿದ್ದು ಮತ್ತೆ ಹಾಗೆಯೇ ಆಗುತ್ತದೆ. ಈಚೆಗೆ ಕ್ಲಚ್ ಒತ್ತಿದಾಗ ಬ್ರೇಕ್ ಪೆಡಲ್ ಕೂಡ ತುಸು ಅಲುಗುತ್ತಿದೆ. ಕ್ಲಚ್ ಪ್ಲೇಟ್ ಬದಲಿಸುವ ಕಾಲ ಬಂದಿದೆಯೇ?

ಉತ್ತರ: ಕ್ಲಚ್ ಪ್ಲೇಟಿನ ವಿಚಾರ ಆಮೇಲೆ ನೋಡೋಣ; ಮೊದಲು ಪೆಡಲ್ ಜೋಡಣೆಯನ್ನು ಕಳಚಿ ಪರೀಕ್ಷಿಸಿ. ನೀವು ಬರೆದಿರುವ ಲಕ್ಷಣಗಳಲ್ಲಿ ಕೊನೆಯದೇ ಮುಖ್ಯವಾದದ್ದು. ಈ ಕಾರಿನಲ್ಲಿ ಕ್ಲಚ್ ಮತ್ತು ಬ್ರೇಕ್ ಪೆಡಲ್‌ಗಳು ಒಂದೇ ಅಕ್ಷದ ಸುತ್ತ ತಿರುಗುತ್ತವೆ. ಬುಷ್‌ಗಳು ಸರಿಯಾಗಿರುವವರೆಗೆ ಒಂದರ ಚಲನೆ ಇನ್ನೊಂದಕ್ಕೆ ತಾಗುವುದಿಲ್ಲ. ಕ್ಲಚ್ ಒತ್ತಿದಾಗ ಬ್ರೇಕ್ ಪೆಡಲ್ ಅಲುಗುತ್ತಿದೆಯೆಂದರೆ ಶಾಫ್ಟ್ ತನ್ನ ಜಾಗದಲ್ಲಿ ನಿಲ್ಲದೆ ಓರೆಯಾಗುತ್ತಿದೆ ಎಂದೇ ಅರ್ಥ.

ಈ ತೊಂದರೆಗೆ ಕಾರಿನ ರಚನೆಯೂ ಕಾರಣ. ಬಹುಪಾಲು ಕಾರುಗಳಲ್ಲಿ ಪೆಡಲ್‌ಗಳು ಮೇಲಿನಿಂದ ತೂಗಾಡುತ್ತವೆ. ಹಳೆಯ 911ರಲ್ಲಿ ಅವು ನೆಲದಿಂದ ಮೇಲಕ್ಕೆ ನಿಂತಿವೆ. ಹೀಗಾಗಿ ಬೂಟಿನ ಮಣ್ಣು, ಮರಳು, ಮಳೆಯ ನೀರು ಎಲ್ಲವೂ ನೇರವಾಗಿ ಪೆಡಲಿನ ಬುಡಕ್ಕೇ ಬೀಳುತ್ತವೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರ್ ಕೂಡ ಅಲ್ಲೇ ಮುಂದಿದ್ದು, ಅದರ ಹಿಂಬದಿಯ ಸೀಲ್ ಸೋರತೊಡಗಿದರೆ ಬ್ರೇಕ್ ಆಯಿಲ್ ಪೆಡಲ್ ಜೋಡಣೆಯ ಕಡೆಗೆ ಹರಿಯುತ್ತದೆ. ಬ್ರೇಕ್ ಆಯಿಲ್ ಬಣ್ಣವನ್ನು ತಿಂದುಹಾಕುವುದರಿಂದ ಬೆತ್ತಲಾದ ಉಕ್ಕಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಶಾಫ್ಟ್ ಪ್ಲಾಸ್ಟಿಕ್ ಬುಷ್‌ನೊಳಗೆ ಅರದಂತೆ ಕೆಲಸ ಮಾಡುತ್ತದೆ. ಆದ್ದರಿಂದ ಕಾರ್ಪೆಟ್ ಎತ್ತಿದಾಗ ನೆಲದ ಬಣ್ಣ ಗುಳ್ಳೆ ಎದ್ದಿದ್ದರೆ ಅಥವಾ ತೇವ ಕಂಡರೆ, ಬುಷ್ ಜೊತೆಗೆ ಮಾಸ್ಟರ್ ಸಿಲಿಂಡರನ್ನೂ ಬದಲಿಸಲು ಸಿದ್ಧರಾಗಿ. ಅದನ್ನು ಬಿಟ್ಟು ಬುಷ್ ಮಾತ್ರ ಹಾಕಿದರೆ ಅದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗುತ್ತದೆ.

ಬುಷ್‌ನಲ್ಲಿ ಅಷ್ಟು ಚಿಕ್ಕ ಸವೆತದಿಂದ ಕಾಲಿಗೆ ಇಷ್ಟು ದೊಡ್ಡ ಓಲಾಟ ಹೇಗೆ ಗೊತ್ತಾಗುತ್ತದೆ ಎಂದು ಹಲವರು ಅಚ್ಚರಿಪಡುತ್ತಾರೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ಪೆಡಲಿನ ಎರಡು ಬುಷ್‌ಗಳ ನಡುವಿನ ಅಂತರ 30 ಮಿಲಿಮೀಟರ್, ಪೆಡಲಿನ ಉದ್ದ 200 ಮಿಲಿಮೀಟರ್ ಇದೆಯೆಂದು ಇಟ್ಟುಕೊಳ್ಳಿ. ಶಾಫ್ಟ್ ಮತ್ತು ಬುಷ್ ನಡುವೆ 1 ಮಿಲಿಮೀಟರ್ ಸಡಿಲವಿದ್ದರೆ, ಕಾಲಿಡುವ ಜಾಗದಲ್ಲಿ ಅದು ಅಕ್ಕಪಕ್ಕಕ್ಕೆ ಆರೇಳು ಮಿಲಿಮೀಟರ್ ಓಲಾಟವಾಗುತ್ತದೆ. ಅದೇ ಸಡಿಲವು ಕ್ಲಚ್ ಕೇಬಲಿನ ಎಳೆತದಲ್ಲೂ ಕಳೆದುಹೋಗುತ್ತದೆ: ಪೆಡಲನ್ನು ಒತ್ತಿದಾಗ ಮೊದಲು ಶಾಫ್ಟ್ ಬುಷ್‌ನೊಳಗೆ ಸರಿಯುತ್ತದೆ, ಆಮೇಲೆ ಕೇಬಲ್ ಎಳೆಯುತ್ತದೆ. ಕೊನೆಯಲ್ಲಿ ಕ್ಲಚ್ ಪೂರ್ತಿ ಬಿಡುವಷ್ಟು ಎಳೆತ ಉಳಿಯುವುದಿಲ್ಲ. ರಿವರ್ಸ್ ಗೇರಿಗೆ ಸಾಮಾನ್ಯವಾಗಿ ಸಿಂಕ್ರೊಮೆಶ್ (ಗೇರುಗಳ ವೇಗವನ್ನು ಹೊಂದಿಸುವ ವ್ಯವಸ್ಥೆ) ಇರದ ಕಾರಣ ಕ್ಲಚ್ ಅರೆಬರೆ ಬಿಟ್ಟಿದ್ದರೆ ಮೊದಲು ಕೂಗುವುದು ಅದೇ.

ಕೇಬಲ್ ಬಿಗಿ ಮಾಡುವುದು ಈ ರೋಗಕ್ಕೆ ಮದ್ದಲ್ಲ, ಅದರಿಂದ ಹಾನಿಯೇ ಹೆಚ್ಚು. ಬುಷ್‌ನಲ್ಲಿ ಕಳೆದುಹೋದ ಚಲನೆಯನ್ನು ಕೇಬಲ್ ಎಳೆದು ತುಂಬಿಸಿದಾಗ ಕ್ಲಚ್‌ಗೆ ಇರಬೇಕಾದ ಪ್ಲೇ (ತುಸು ಖಾಲಿ ಚಲನೆ) ಇಲ್ಲವಾಗುತ್ತದೆ. ಕ್ಲಚ್ ಬಿಡಿಸಲು ಒತ್ತುವ ರಿಲೀಸ್ ಬೇರಿಂಗ್ ಸದಾ ಒತ್ತಡದಲ್ಲಿ ಉಳಿದು ಬೇಗ ಹಾಳಾಗುತ್ತದೆ. ಕ್ಲಚ್ ಜಾರತೊಡಗಿದರೆ, ಬದಲಿಸಬೇಕಿರದ ಪ್ಲೇಟನ್ನೂ ಬದಲಿಸುವ ಸ್ಥಿತಿ ಬರುತ್ತದೆ. ನಿಮ್ಮ ಕೇಬಲಿನಲ್ಲಿ ಈಗ ಪ್ಲೇ ಎಷ್ಟು ಉಳಿದಿದೆಯೆಂದು ಇಂದೇ ನೋಡಿ.

ಕಳಚುವ ಮೊದಲು ಖಚಿತಪಡಿಸಿಕೊಳ್ಳುವುದು ಸುಲಭ. ಎಂಜಿನ್ ನಿಂತಿರುವಾಗ ಇನ್ನೊಬ್ಬರಿಗೆ ಕೈಯಿಂದ ಪೆಡಲನ್ನು ನಿಧಾನವಾಗಿ ಒತ್ತಲು ಹೇಳಿ, ನೀವು ಟಾರ್ಚ್ ಹಿಡಿದು ಬುಡವನ್ನು ಗಮನಿಸಿ. ಪೆಡಲ್ ತಿರುಗುವ ಮೊದಲೇ ಶಾಫ್ಟ್ ಮೇಲಕ್ಕೋ ಪಕ್ಕಕ್ಕೋ ಜರುಗಿದರೆ ಬುಷ್ ಮುಗಿದಿದೆ.

ಈಗ ಕೆಲಸದ ಕ್ರಮಕ್ಕೆ ಬರೋಣ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಿ. ಕಾರಿನ ಕೆಳಗೆ ಹೋಗಬೇಕಾದಾಗ ಜ್ಯಾಕ್ ಒಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಕಾರ್ಪೆಟ್ ಮತ್ತು ಅದರಡಿಯ ಮರದ ಹಲಗೆಯನ್ನು ತೆಗೆದು, ಆಕ್ಸಿಲರೇಟರಿನ ಕಡ್ಡಿಯನ್ನು ಬಿಡಿಸಿ, ಕ್ಲಚ್ ಕೇಬಲನ್ನು ಗೇರ್‌ಬಾಕ್ಸ್ ತುದಿಯಲ್ಲಿ ಸಡಿಲಿಸಿದ ಮೇಲೆ ಪೆಡಲ್ ತುದಿಯಲ್ಲಿ ಕಳಚಿ. ಮಾಸ್ಟರ್ ಸಿಲಿಂಡರ್ ಚೆನ್ನಾಗಿದ್ದರೆ ಬ್ರೇಕ್ ಪೈಪುಗಳನ್ನು ಬಿಚ್ಚಬೇಕಾಗಿಲ್ಲ. ಅದನ್ನು ಪೆಡಲ್ ಜೋಡಣೆಗೆ ಹಿಡಿದಿರುವ ನಟ್‌ಗಳನ್ನು ಬಿಚ್ಚಿ, ಸಿಲಿಂಡರಿನ ಭಾರ ಪೈಪುಗಳ ಮೇಲೆ ಬೀಳದಂತೆ ಆಸರೆ ಕೊಡಿ. ಬಳಿಕ ಜೋಡಣೆಯನ್ನು ನೆಲಕ್ಕೆ ಹಿಡಿದಿರುವ ಬೋಲ್ಟ್‌ಗಳನ್ನು ಬಿಚ್ಚಿದರೆ ಇಡೀ ಭಾಗ ಕೈಗೆ ಬರುತ್ತದೆ. ಕಾರಿನೊಳಗೆ ತಲೆಕೆಳಗಾಗಿ ಮಲಗಿ ಅಲ್ಲಿಯೇ ಬುಷ್ ಬದಲಿಸುವ ಪ್ರಯತ್ನ ಬೇಡ. ಈ ಕೆಲಸ ಮೇಜಿನ ಮೇಲೆ, ವೈಸ್‌ನಲ್ಲಿ ನಡೆಯಬೇಕಾದದ್ದು.

ಕಳಚುವ ಮುನ್ನ ಎರಡೂ ಬದಿಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಪ್ರಿಂಗ್‌ಗಳು ಯಾವ ಕೊಕ್ಕೆಗೆ, ಯಾವ ದಿಕ್ಕಿನಲ್ಲಿ ಕೂತಿದ್ದವು ಎಂಬುದು ಎಷ್ಟೇ ಅನುಭವವಿದ್ದರೂ ಮರೆಯುವ ಸಂಗತಿ. ಕ್ಲಚ್ ಪೆಡಲನ್ನು ಶಾಫ್ಟಿಗೆ ಬಂಧಿಸುವುದು ಒಂದು ರೋಲ್ ಪಿನ್ (ಉದ್ದಕ್ಕೆ ಸೀಳಿರುವ, ಸ್ಪ್ರಿಂಗಿನಂತೆ ಬಿಗಿ ಹಿಡಿಯುವ ಟೊಳ್ಳು ಪಿನ್); ದಶಕಗಳಿಂದ ಅಲ್ಲೇ ಇರುವ ಈ ಪಿನ್ ತುಕ್ಕಿನಿಂದ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ, ಪಿನ್ನಿಗಿಂತ ಕೂದಲೆಳೆಯಷ್ಟೇ ಸಣ್ಣದಾದ ಪಂಚ್ ಬಳಸಿ, ಪಿನ್ ಹೊರಬರುವ ಬದಿಯಲ್ಲಿ ಜಾಗ ಬಿಟ್ಟು ಉಳಿದ ಭಾಗಕ್ಕೆ ಮರದ ತುಂಡಿನ ಗಟ್ಟಿ ಆಸರೆ ಕೊಟ್ಟು ಹೊಡೆಯಿರಿ. ಆಸರೆಯಿಲ್ಲದೆ ಹೊಡೆದರೆ ಪಿನ್ ಅಲುಗುವ ಮೊದಲೇ ಶಾಫ್ಟ್ ಬಾಗುತ್ತದೆ. ಹಳೆಯ ಪಿನ್ನನ್ನು ಮತ್ತೆ ಹಾಕಬೇಡಿ, ಏಕೆಂದರೆ ಒಮ್ಮೆ ಹೊರಬಂದ ರೋಲ್ ಪಿನ್ನಿನ ಹಿಡಿತ ಕಡಿಮೆಯಾಗಿರುತ್ತದೆ ಮತ್ತು ನಿಮ್ಮ ಕಾಲು ಹಾಕುವ ಬಲವೆಲ್ಲ ಅದರ ಮೂಲಕವೇ ಕೇಬಲಿಗೆ ಹೋಗಬೇಕು.

ಇಲ್ಲಿಂದ ಮುಂದಿನದೇ ಈ ಕೆಲಸದ ತಿರುಳು, ಮತ್ತು ಹೆಚ್ಚಿನವರು ಅವಸರ ಮಾಡುವುದೂ ಇಲ್ಲಿಯೇ. ಹೊಸ ಬುಷ್‌ಗಳ ಪೊಟ್ಟಣ ಕೈಯಲ್ಲಿದೆಯೆಂದು ಹಳೆಯದನ್ನು ಕಿತ್ತು ಹೊಸದನ್ನು ತೂರಿಸಿಬಿಡುತ್ತಾರೆ. ಸವೆತ ಬುಷ್‌ಗೆ ಮಾತ್ರ ಆಗಿರುವುದಿಲ್ಲ. ಶಾಫ್ಟ್, ಬುಷ್, ಬುಷ್ ಕೂರುವ ತೂತು ಈ ಮೂರನ್ನೂ ಅಳೆಯದೆ ಯಾವುದನ್ನೂ ಜೋಡಿಸಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಶಾಫ್ಟನ್ನು ಚೆನ್ನಾಗಿ ಒರೆಸಿ, ಬುಷ್‌ಗಳ ನಡುವೆ ಸವೆಯದೆ ಉಳಿದ ಭಾಗವನ್ನು ಮೈಕ್ರೋಮೀಟರಿನಿಂದ ಅಳೆಯಿರಿ. ನಂತರ ಬುಷ್ ಕೂರುತ್ತಿದ್ದ ಜಾಗವನ್ನು ಅಳೆಯಿರಿ. ಪೆಡಲಿನ ಒತ್ತಡ ಸದಾ ಒಂದೇ ದಿಕ್ಕಿನಿಂದ ಬರುವುದರಿಂದ ಸವೆತವೂ ಒಂದೇ ಬದಿಗೆ ಇರುತ್ತದೆ, ಹಾಗಾಗಿ ಒಂದು ಅಳತೆ ತೆಗೆದ ಮೇಲೆ ಶಾಫ್ಟನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ಅಳತೆ ತೆಗೆಯುವುದು ಅವಶ್ಯ. ವ್ಯತ್ಯಾಸ 0.1 ಮಿಲಿಮೀಟರ್ ದಾಟಿದ್ದರೆ ಅಥವಾ ಉಗುರು ಎಳೆದಾಗ ಗೀರು ತಡೆದರೆ ಆ ಶಾಫ್ಟನ್ನು ಹಾಗೆಯೇ ಬಳಸಬಾರದು. ಹೊಸ ಶಾಫ್ಟ್ ಸಿಕ್ಕರೆ ಅದನ್ನೇ ಹಾಕಿ. ಸಿಗದಿದ್ದರೆ ಒಳ್ಳೆಯ ಲೇತ್ ಕೆಲಸಗಾರರು ಸವೆದ ಜಾಗಕ್ಕೆ ಲೋಹ ತುಂಬಿ ಗ್ರೈಂಡ್ ಮಾಡಿ ಮೂಲ ಅಳತೆಗೆ ತರಬಲ್ಲರು.

ಬುಷ್ ಕೂರುವ ತೂತಿನ ಪರೀಕ್ಷೆ ಇನ್ನೂ ಸರಳ. ಹೊಸ ಬುಷ್ ತುಸು ಬಲ ಹಾಕಿದರೆ ಮಾತ್ರ ಒಳಗೆ ಹೋಗಬೇಕು. ಕೈಬೆರಳಿನಿಂದ ತಳ್ಳಿದರೆ ಜಾರಿಕೊಂಡು ಹೋಗುವುದಾದರೆ ತೂತೇ ದೊಡ್ಡದಾಗಿದೆ. ಅಂಥ ಕಡೆ ಹೊರ ಅಳತೆ ಸ್ವಲ್ಪ ದೊಡ್ಡದಿರುವ ಬುಷ್ ಲೇತ್‌ನಲ್ಲಿ ಮಾಡಿಸಿಕೊಳ್ಳಬೇಕು. ಅಂಟು ಹಾಕಿ ಕೂರಿಸುವ ರೂಢಿಯೂ ಇದೆ, ಆದರೆ ಬ್ರೇಕ್ ಪೆಡಲಿಗೆ ಅದನ್ನು ನಾವು ಒಪ್ಪುವುದಿಲ್ಲ. ಇದೇ ಹೊತ್ತಿನಲ್ಲಿ ಪೆಡಲ್‌ಗಳ ವೆಲ್ಡಿಂಗ್ ಜಾಗಗಳನ್ನು ತೊಳೆದು, ಬೆಳಕಿನಲ್ಲಿ ಬಿರುಕಿಗಾಗಿ ಹುಡುಕಿ.

ಹೊಸ ಬುಷ್‌ಗಳನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬೇಡಿ. ಉದ್ದನೆಯ ಬೋಲ್ಟ್, ನಟ್ ಮತ್ತು ಎರಡು ದಪ್ಪ ವಾಷರ್‌ಗಳನ್ನು ಬಳಸಿ ನಿಧಾನವಾಗಿ ಒಳಗೆ ಎಳೆದುಕೊಂಡರೆ ಬುಷ್ ನೇರವಾಗಿ ಕೂರುತ್ತದೆ. ಎಲ್ಲ ಕೂತ ಮೇಲೆ ಗ್ರೀಸ್ ಹಾಕದೆ ಶಾಫ್ಟನ್ನು ತೂರಿಸಿ ನೋಡಿ: ಬೆರಳಿನ ಬಲಕ್ಕೆ ತಿರುಗಬೇಕು, ಆದರೆ ಅಲುಗಾಡಬಾರದು.

ಮರುಜೋಡಣೆಯಾದ ಮೇಲೆ ಕ್ಲಚ್ ಕೇಬಲಿನ ಹಳೆಯ ಹೊಂದಾಣಿಕೆ ಸುಳ್ಳಾಗಿರುತ್ತದೆಂಬುದನ್ನು ನೆನಪಿಡಿ. ಸವೆದ ಬುಷ್‌ಗೆ ತಕ್ಕಂತೆ ಬಿಗಿ ಮಾಡಿದ್ದ ಕೇಬಲ್ ಈಗ ವಿಪರೀತ ಬಿಗಿಯಾಗಿರುತ್ತದೆ. ಕಾರಿನ ವರ್ಕ್‌ಶಾಪ್ ಕೈಪಿಡಿಯಲ್ಲಿರುವ ಪ್ಲೇ ಬರುವಂತೆ ಮೊದಲಿನಿಂದ ಹೊಂದಿಸಿ, ಆಮೇಲೆ ನೆಲದ ಮೇಲಿನ ಕ್ಲಚ್ ಸ್ಟಾಪನ್ನು, ಗೇರ್ ಶಬ್ದವಿಲ್ಲದೆ ಬೀಳುವಷ್ಟು ಮಾತ್ರ ಪೆಡಲ್ ಇಳಿಯುವಂತೆ ಸರಿಪಡಿಸಿ. ಇಷ್ಟಾದ ಮೇಲೂ ರಿವರ್ಸ್ ಕೂಗಿದರೆ ಆಗ ಕೇಬಲ್ ಮತ್ತು ಕ್ಲಚ್ ಪ್ಲೇಟಿನ ಸರದಿ.

ಪ್ರಶ್ನೆ: ಪೆಡಲಿಗೆ ಪ್ಲಾಸ್ಟಿಕ್ ಬುಷ್ ಒಳ್ಳೆಯದೋ, ಗನ್‌ಮೆಟಲ್ ಬುಷ್ ಒಳ್ಳೆಯದೋ? ಲೋಹದ್ದು ಹಾಕಿಸಿದರೆ ಮತ್ತೆ ಆ ಕಡೆ ನೋಡಬೇಕಾಗಿಲ್ಲ ಎಂದು ಹೇಳುತ್ತಾರೆ.

ಉತ್ತರ: ಗನ್‌ಮೆಟಲ್ ಅಥವಾ ಕಂಚಿನ ಬುಷ್ ಹೆಚ್ಚು ಕಾಲ ಬಾಳುತ್ತದೆಂಬುದು ನಿಜ, ಆದರೆ ಆ ಕಡೆ ನೋಡಬೇಕಾಗಿಲ್ಲ ಎಂಬ ಮಾತನ್ನು ಒಪ್ಪಲಾಗದು. ತಯಾರಕರು ಪ್ಲಾಸ್ಟಿಕ್ ಬಳಸಿದ್ದಕ್ಕೆ ಅಗ್ಗವೆಂಬುದೊಂದೇ ಕಾರಣವಲ್ಲ. ಪ್ಲಾಸ್ಟಿಕ್ ಬುಷ್ ಗ್ರೀಸ್ ಒಣಗಿದರೂ ಸ್ವಲ್ಪ ಕಾಲ ತಡೆದುಕೊಳ್ಳುತ್ತದೆ, ಸಣ್ಣ ಮರಳಿನ ಕಣಗಳನ್ನು ತನ್ನೊಳಗೆ ಹುದುಗಿಸಿಕೊಳ್ಳುತ್ತದೆ, ಮತ್ತು ಶಾಫ್ಟಿಗಿಂತ ಮೊದಲು ತಾನು ಸವೆಯುತ್ತದೆ. ಗ್ರೀಸ್ ಒಣಗಿದ ಕಂಚಿನ ಬುಷ್‌ನೊಳಗೆ ಮರಳು ಸೇರಿದರೆ ಸವೆಯುವುದು ಶಾಫ್ಟ್, ಮತ್ತು ಹಳೆಯ ಕಾರಿನಲ್ಲಿ ಬುಷ್‌ಗಿಂತ ಶಾಫ್ಟ್ ಸಿಗುವುದೇ ಕಷ್ಟ.

ಹಾಗೆಂದು ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ನೈಲಾನ್ 66 ಪೂರ್ತಿ ನೆನೆದಾಗ ತನ್ನ ತೂಕದ ಶೇಕಡ 8ರಷ್ಟು ನೀರನ್ನು ಹೀರಿಕೊಂಡು ಉಬ್ಬುತ್ತದೆ. ಪೆಡಲ್‌ಗಳು ಮಳೆಗಾಲದಲ್ಲಿ ಬಿಗಿಯಾಗಿ, ಬೇಸಿಗೆಯಲ್ಲಿ ಸಡಿಲವಾಗಲು ಇದೂ ಒಂದು ಕಾರಣ. ಡೆಲ್ರಿನ್ ಎಂಬ ಹೆಸರಿನಲ್ಲಿ ಹೆಚ್ಚು ಪರಿಚಿತವಾಗಿರುವ ಅಸಿಟಾಲ್ ಹೀರಿಕೊಳ್ಳುವ ನೀರು ಶೇಕಡ 1ರ ಆಸುಪಾಸು ಮಾತ್ರ. ಲೇತ್‌ನಲ್ಲಿ ಬುಷ್ ಮಾಡಿಸುವುದಾದರೆ ನೈಲಾನ್ ಬಿಟ್ಟು ಇದನ್ನೇ ಆರಿಸಿಕೊಳ್ಳಿ. ಬಿಸಿಗೆ ಇದು ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುವುದರಿಂದ ಕಂಚಿಗೆ ಇಡುವುದಕ್ಕಿಂತ ತುಸು ಹೆಚ್ಚು ಸಡಿಲ ಇಡಲು ಟರ್ನರ್‌ಗೆ ಮೊದಲೇ ಹೇಳಿರಿ.

ಕಂಚಿನಲ್ಲೂ ಎರಡು ಬಗೆಯಿದೆ. ಗಟ್ಟಿ ಕಂಚಿನ ಬುಷ್‌ಗೆ ಗ್ರೀಸ್ ಬೇಕು, ಅದು ಹರಡಲು ಒಳಗೊಂದು ತೋಡು (ಗ್ರೂವ್) ಇದ್ದರೆ ಉತ್ತಮ. ಇನ್ನೊಂದು, ಕಂಚಿನ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ, ಸೂಕ್ಷ್ಮ ರಂಧ್ರಗಳಲ್ಲಿ ಎಣ್ಣೆ ತುಂಬಿಕೊಂಡಿರುವ ಬುಷ್. ಅದರ ಗಾತ್ರದಲ್ಲಿ ಐದನೇ ಒಂದು ಭಾಗದಷ್ಟು ಎಣ್ಣೆಯೇ ಇರುತ್ತದೆ. ಇದಕ್ಕೆ ಗ್ರೀಸ್ ಬಳಿಯಬೇಡಿ, ರಂಧ್ರಗಳು ಮುಚ್ಚಿಹೋಗುತ್ತವೆ; ಎಂಜಿನ್ ಆಯಿಲಿನಂಥ ಎಣ್ಣೆಯ ಕೆಲವು ಹನಿ ಸಾಕು. ಮರಳು ಕಾಗದದಿಂದ ಉಜ್ಜಿ ಒಳಗಿನ ಅಳತೆ ಹೆಚ್ಚಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಮರಳಿನ ಕಣಗಳು ರಂಧ್ರಗಳಲ್ಲಿ ಉಳಿದು ಶಾಫ್ಟನ್ನು ಕೊರೆಯುತ್ತವೆ.

ಶಾಫ್ಟ್ ನುಣುಪಾಗಿದ್ದು, ಕಾರು ಆಗಾಗ ರಸ್ತೆಗಿಳಿಯುತ್ತಿದ್ದು, ವರ್ಷಕ್ಕೊಮ್ಮೆ ಎಣ್ಣೆ ಹಾಕುವ ತಾಳ್ಮೆ ನಿಮಗಿದ್ದರೆ ಕಂಚು ಹಾಕಿಸಿ. ಅಪರೂಪಕ್ಕೆ ಓಡುವ, ಮೂಲ ಸ್ಥಿತಿಯಲ್ಲೇ ಇರಬೇಕಾದ ಕಾರಿಗೆ ತಯಾರಕರು ಹಾಕಿದ್ದಂಥ ಬುಷ್ ಸಾಕು ಎಂಬುದು ನಮ್ಮ ಸಲಹೆ.

ಪ್ರಶ್ನೆ: ಪೆಡಲ್ ಕಿರುಗುಟ್ಟುತ್ತದೆ, ಆದರೆ ಓಲಾಡುವುದಿಲ್ಲ. ಸ್ಪ್ರೇ ಹೊಡೆದರೆ ಸಾಲದೇ?

ಉತ್ತರ: ತುಕ್ಕು ಬಿಡಿಸುವ ತೆಳು ಸ್ಪ್ರೇ ಶಬ್ದವನ್ನು ಕೆಲವು ದಿನ ಅಡಗಿಸುತ್ತದೆ, ಜೊತೆಗೆ ಒಳಗೆ ಉಳಿದಿದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಓಲಾಟವಿಲ್ಲದಿದ್ದರೆ ಬುಷ್ ಇನ್ನೂ ಚೆನ್ನಾಗಿರಬಹುದು. ಶಾಫ್ಟನ್ನು ಹೊರತೆಗೆದು ಒರೆಸಿ, ಪ್ಲಾಸ್ಟಿಕ್ ಬುಷ್‌ಗೆ ಸಿಲಿಕೋನ್ ಗ್ರೀಸ್ ಹಚ್ಚಿ ಜೋಡಿಸಿ. ಕೆಲವೊಮ್ಮೆ ಕಿರುಗುಟ್ಟುವುದು ಬುಷ್ ಅಲ್ಲ, ಸ್ಪ್ರಿಂಗಿನ ಕೊಕ್ಕೆ. ಅಲ್ಲಿಗೂ ಸ್ವಲ್ಪ ಗ್ರೀಸ್ ಹಚ್ಚಿ.

ಪ್ರಶ್ನೆ: ನನ್ನದು ಎಂಜಿಬಿ, ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಕ್ಲಚ್ ಪೆಡಲಿಗೆ ಹೊಸ ಬುಷ್ ಹಾಕಿದೆ, ಅಕ್ಕಪಕ್ಕದ ಓಲಾಟ ನಿಂತಿತು. ಆದರೂ ಒತ್ತಲು ಆರಂಭಿಸಿದಾಗ ಪೆಡಲ್ ಏನೂ ಮಾಡದೆ ಸ್ವಲ್ಪ ದೂರ ಸುಮ್ಮನೆ ಇಳಿಯುತ್ತದೆ.

ಉತ್ತರ: ನಿಮ್ಮ ಕಾರಿನಲ್ಲಿ ಪೆಡಲ್ ಮೇಲಿನಿಂದ ತೂಗಾಡುತ್ತದೆ, ಕ್ಲಚ್ ಹೈಡ್ರಾಲಿಕ್, ಅಂದರೆ ಕೇಬಲಿನ ಬದಲು ಆಯಿಲಿನ ಒತ್ತಡದಿಂದ ನಡೆಯುವಂಥದ್ದು. ಪೆಡಲಿನ ತೋಳನ್ನು ಮಾಸ್ಟರ್ ಸಿಲಿಂಡರಿನ ಪುಶ್ ರಾಡ್‌ಗೆ ಸೇರಿಸುವ ಕ್ಲೆವಿಸ್ ಪಿನ್ನನ್ನು ಹೊರತೆಗೆದು ನೋಡಿ. ಅದರ ನಡುಭಾಗ ಸವೆದು ಮೆಟ್ಟಿಲಿನಂತಾಗಿರುತ್ತದೆ, ಪೆಡಲಿನ ತೂತು ಗುಂಡಗಿರದೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಪೆಡಲಿನ ಅನುಪಾತ (ಪಾದದ ಚಲನೆ ಪುಶ್ ರಾಡಿನ ಚಲನೆಯ ಎಷ್ಟು ಪಟ್ಟು ಎಂಬುದು) 5 ಎಂದಿಟ್ಟುಕೊಂಡರೆ, ಈ ತೂತಿನಲ್ಲಿ 1 ಮಿಲಿಮೀಟರ್ ಸಡಿಲವಿದ್ದಾಗ ಪಾದದ ಕೆಳಗೆ 5 ಮಿಲಿಮೀಟರ್ ವ್ಯರ್ಥವಾಗುತ್ತದೆ. ತಿರುಗುವ ಬುಷ್‌ನ ಸಡಿಲ ಅಕ್ಕಪಕ್ಕದ ಓಲಾಟವಾಗಿ ಎದ್ದು ಕಾಣುತ್ತದೆ. ಕ್ಲೆವಿಸ್ ಪಿನ್ನಿನದು ಹಾಗೆ ಕಾಣಿಸದ ಕಾರಣ ತಪ್ಪಿಸಿಕೊಳ್ಳುತ್ತದೆ.

ಹೊಸ ಪಿನ್ ಮಾತ್ರ ಹಾಕಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಪೆಡಲಿನ ತೂತನ್ನು ವೆಲ್ಡಿಂಗಿನಿಂದ ತುಂಬಿಸಿ, ಮೂಲ ಜಾಗದಲ್ಲೇ ಮತ್ತೆ ಕೊರೆಸಬೇಕು. ಜಾಗ ಒಂದಿಷ್ಟು ಸರಿದರೂ ಪೆಡಲಿನ ಅನುಪಾತ ಬದಲಾಗುವುದರಿಂದ, ತುಂಬಿಸುವ ಮೊದಲೇ ತಿರುಗುವ ಬಿಂದುವಿನಿಂದ ತೂತಿನ ಸವೆಯದ ಅಂಚಿಗೆ ಇರುವ ದೂರವನ್ನು ಅಳೆದು ಬರೆದಿಟ್ಟುಕೊಳ್ಳಿ. ಪುಶ್ ರಾಡಿನ ಕವಲನ್ನೂ ನೋಡಿ, ಅದರ ತೂತುಗಳೂ ಸವೆದಿರುತ್ತವೆ. ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಬ್ರೇಕ್ ಪೆಡಲಿಗೂ ಇಂಥದೇ ಪಿನ್ ಇರುವುದರಿಂದ ಅದೇ ದಿನ ಅದನ್ನೂ ಪರೀಕ್ಷಿಸಿ.

ಪ್ರಶ್ನೆ: ಬ್ರೇಕ್ ಪೆಡಲಿಗೆ ಕಂಚಿನ ಬುಷ್ ಹಾಕಿಸಿದ ಮೇಲೆ ಪೆಡಲ್ ಬಿಗಿಯಾಗಿದೆ, ಕಾಲು ತೆಗೆದಾಗ ನಿಧಾನವಾಗಿ ಮೇಲೆ ಬರುತ್ತದೆ. ಬ್ರೇಕ್ ಲೈಟ್ ಒಮ್ಮೊಮ್ಮೆ ಉರಿಯುತ್ತಲೇ ಇರುತ್ತದೆ. ಓಡಿಸುತ್ತಾ ಹೋದರೆ ಸಡಿಲವಾಗುತ್ತದೆಯೇ?

ಉತ್ತರ: ಸಡಿಲವಾಗುತ್ತದೆಂದು ಕಾಯಬೇಡಿ, ಸರಿಪಡಿಸುವವರೆಗೆ ಈ ಕಾರನ್ನು ರಸ್ತೆಗೆ ಇಳಿಸಲೇಬಾರದು. ಪೆಡಲ್ ಪೂರ್ತಿ ಮೇಲೆ ಬರದಿದ್ದಾಗ ಪುಶ್ ರಾಡ್ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತುಸು ಒತ್ತಿಕೊಂಡೇ ಇರುತ್ತದೆ. ಕಾಲು ತೆಗೆದಾಗ ಆಯಿಲ್ ಟ್ಯಾಂಕಿಗೆ ಹಿಂತಿರುಗಬೇಕಾದ ಸಣ್ಣ ರಂಧ್ರ ಆಗ ಮುಚ್ಚಿರುತ್ತದೆ. ಓಡುತ್ತಾ ಆಯಿಲ್ ಬಿಸಿಯಾಗಿ ಹಿಗ್ಗಿದರೂ ಹೊರಹೋಗಲು ದಾರಿಯಿಲ್ಲದೆ ಬ್ರೇಕ್‌ಗಳು ತಾವಾಗಿ ಹಿಡಿಯುತ್ತವೆ, ಹಿಡಿದಷ್ಟೂ ಮತ್ತಷ್ಟು ಬಿಸಿಯಾಗುತ್ತವೆ. ಬ್ರೇಕ್ ಲೈಟ್ ಉರಿಯುತ್ತಿರುವುದು ಇದೇ ತೊಂದರೆಯ ಮುನ್ಸೂಚನೆ.

ಕಾರಣ ಬಹುಮಟ್ಟಿಗೆ ಎರಡರಲ್ಲಿ ಒಂದು. ಬುಷ್ಷನ್ನು ಬಿಗಿಯಾಗಿ ತೂರಿಸಿದಾಗ ಅದರ ಒಳ ಅಳತೆ ಕಿರಿದಾಗುತ್ತದೆ, ಹಾಗಾಗಿ ಕೂರಿಸಿದ ನಂತರ ರೀಮರ್ (ತೂತನ್ನು ನಯವಾಗಿ ಹಿಗ್ಗಿಸುವ ಉಪಕರಣ) ಹಾಕಿ ಅಳತೆಗೆ ತರಬೇಕಾಗುತ್ತದೆ. ಆ ಹಂತ ಬಿಟ್ಟುಹೋಗಿರಬಹುದು. ಸಣ್ಣ ಶಾಫ್ಟಿಗೆ 0.02ರಿಂದ 0.05 ಮಿಲಿಮೀಟರಿನಷ್ಟು ಸಡಿಲ ಸಾಕು. ಇಲ್ಲವೇ ಎರಡು ಬುಷ್‌ಗಳು ಒಂದೇ ಗೆರೆಯಲ್ಲಿ ಇಲ್ಲದಿರಬಹುದು. ಒಂದೊಂದರಲ್ಲಿ ಪ್ರತ್ಯೇಕವಾಗಿ ಶಾಫ್ಟ್ ಸಲೀಸಾಗಿ ತಿರುಗಿ, ಎರಡರಲ್ಲೂ ಒಟ್ಟಿಗೆ ಹೋದಾಗ ಬಿಗಿಯಾದರೆ ದೋಷ ಗೆರೆಯಲ್ಲಿದೆ. ಉದ್ದದ ರೀಮರನ್ನು ಎರಡೂ ಬುಷ್‌ಗಳ ಮೂಲಕ ಒಂದೇ ಓಟದಲ್ಲಿ ಹಾಯಿಸಬೇಕು. ಡ್ರಿಲ್ ಬಿಟ್ ಇದಕ್ಕೆ ತಕ್ಕ ಉಪಕರಣವಲ್ಲ, ತೂತು ಗುಂಡಗಾಗುವುದಿಲ್ಲ.

ಪೆಡಲ್ ಸಲೀಸಾಗಿ ತಿರುಗತೊಡಗಿದ ಮೇಲೂ ಪುಶ್ ರಾಡನ್ನು ಪರೀಕ್ಷಿಸಿ, ಏಕೆಂದರೆ ಸಡಿಲ ಹೋದಾಗ ಪೆಡಲ್ ನಿಲ್ಲುವ ಜಾಗ ಬದಲಾಗಿರುತ್ತದೆ. ಪುಶ್ ರಾಡ್ ತುದಿ ಮತ್ತು ಪಿಸ್ಟನ್ ನಡುವೆ ಹಲವು ಹಳೆಯ ಕಾರುಗಳಲ್ಲಿ 1 ಮಿಲಿಮೀಟರಿನಷ್ಟು ಅಂತರ ಹೇಳಿರುತ್ತಾರೆ. ನಿಮ್ಮ ಕಾರಿನ ಕೈಪಿಡಿಯ ಅಂಕಿಯೇ ಅಂತಿಮ. ನಂತರ ಬ್ರೇಕ್ ಲೈಟಿನ ಸ್ವಿಚ್ ಹೊಂದಿಸಿ. ಕೊನೆಗೆ ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ಪೆಡಲನ್ನು ಹಲವು ಬಾರಿ ಬಲವಾಗಿ ಒತ್ತಿ ಬಿಟ್ಟು, ನಾಲ್ಕೂ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿ. ಯಾವ ಚಕ್ರವೂ ಹಿಡಿಯದಿದ್ದರೆ ವಾಹನ ಸಂಚಾರವಿಲ್ಲದ ಜಾಗದಲ್ಲಿ ನಿಧಾನವಾಗಿ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿದ ಕೂಡಲೇ ಚಕ್ರಗಳ ಬಳಿ ಕೈಯೊಡ್ಡಿ ಕಾವನ್ನು ಹೋಲಿಸಿ ನೋಡಿ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ದೋಷ ಆ ಚಕ್ರದ ಬ್ರೇಕಿನಲ್ಲಿ. ಹೆಚ್ಚು ಬ್ರೇಕ್ ಹಾಕದೆ ಇದ್ದರೂ ಎಲ್ಲವೂ ಬಿಸಿಯಾಗಿದ್ದರೆ ಪುಶ್ ರಾಡಿನ ಅಂತರವನ್ನು ಮತ್ತೆ ಅಳೆಯಿರಿ.